ಕಲ್ಲುಪಾಚಿಯ ಗೂಡಿಗೆ ಎಷ್ಟು ಕಿಂಡಿ?

ಹರಪನಹಳ್ಳಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದ ಮೇಡಂ ನನ್ನನ್ನು ಹುಡುಕಿಕೊಂಡು ಕೊಟ್ಟೂರಿನ ನಮ್ಮ ಹೈಸ್ಕೂಲಿಗೆ ಬಂದ ದಿನ ನಾನು ಎಂಟನೆಯ ತರಗತಿಯವರಿಗೆ ಹೂಜಿ ಬರೆಯುವುದನ್ನು ಕಲಿಸುತ್ತಿದ್ದೆ. ನಡುವೆ ಒಂದು ಗೆರೆ, ಬಲಕ್ಕೆ ಅರ್ಧ ಹೂಜಿ, ಅದನ್ನೇ ಮಗುಚಿ ಎಡಕ್ಕೆ ಇನ್ನರ್ಧ. ಡ್ರಾಯಿಂಗ್ ಮಾಸ್ತರನಾಗಿ ಸೇರಿದಾಗಿನಿಂದ ಹೇಳಿಕೊಡುತ್ತಿದ್ದ ಪಾಠ. ಮೇಡಂ ಬಾಗಿಲ ಬಳಿ ನಿಂತು ಗಂಟೆ ಹೊಡೆಯುವವರೆಗೂ ನೋಡಿದರು. ಹಿಂದಿನ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ನಾನು ಬರೆದಿದ್ದ ಎಲೆಯ ಸೀಳುನೋಟದ ಚಾರ್ಟು ಅವರ ಕಣ್ಣಿಗೆ ಬಿದ್ದಿತ್ತಂತೆ.

"ನಿಮ್ಮ ಕೈ ನಂಗೆ ಬೇಕಾಗೈತಿ ಮೇಷ್ಟ್ರೇ," ಎಂದರು. "ಪಾಚಿ ಬರೀಬೇಕು. ಕಲ್ಲಾಗಿರೋ ಪಾಚಿ."

ತೊಂಬತ್ತರ ದಶಕದ ಕೊನೆಯ ಮಾತು. ಮುಂದಿನ ಭಾನುವಾರ ಬೆಳಗಿನ ಬಸ್ಸು ಹಿಡಿದು ಹರಪನಹಳ್ಳಿಗೆ ಹೋದೆ. ಕಾಲೇಜಿನ ಮೇಲಂತಸ್ತಿನಲ್ಲಿ ಪೂರ್ವಕ್ಕೆ ಕಿಟಕಿಯಿದ್ದ ಒಂದು ಕೋಣೆ. ಕರೆಂಟು ನಂಬುವ ಹಾಗಿರಲಿಲ್ಲವಾದ್ದರಿಂದ ಮೈಕ್ರೋಸ್ಕೋಪಿನ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಟ್ಟಿದ್ದರು. ಕಣ್ಣಿಟ್ಟೆ. ಒಂದು ಕ್ಷಣ ಮಸುಕು, ಆಮೇಲೆ ತಟ್ಟನೆ ಸಾಲು ಸಾಲು ಕೋಶಗಳು: ಮೇಸ್ತ್ರಿ ದಾರ ಹಿಡಿದು ಕಟ್ಟಿದ ಇಟ್ಟಿಗೆ ಗೋಡೆಯಂತೆ, ಒಂದೊಂದು ಇಟ್ಟಿಗೆಯೂ ಕೂದಲಿನ ದಪ್ಪಕ್ಕಿಂತ ಚಿಕ್ಕದು. ಆ ಗೋಡೆಯ ನಡುವೆ ಅಲ್ಲಲ್ಲಿ ಗುಮ್ಮಟದಂಥ ಪೊಳ್ಳು.

"ಇದರಾಗ ಕೆಂಪು ಎಲ್ಲೈತ್ರಿ?" ಎಂದು ಕೇಳಿದೆ. ಕೆಂಪು ಪಾಚಿ ಎಂದು ಅವರೇ ಹೇಳಿದ್ದರು.

ಮೇಡಂ ನಕ್ಕರು. "ಅದೇ ನೋಡ್ರಿ ನನ್ನ ಕಷ್ಟ. ಕೋಟಿಗಟ್ಟಲೆ ವರ್ಷದ ಹಿಂದೆ ಸಮುದ್ರದಾಗ ಬೆಳೆದದ್ದು. ಸುಣ್ಣ ತಿಂದು ಸುಣ್ಣದ ಗೋಡೆ ಕಟ್ಟಿಕೊಂಡು ಬದುಕಿತ್ತು. ಬಣ್ಣ ಹೋತು, ಜೀವ ಹೋತು. ಗೋಡೆ ಉಳೀತು. ಬರೀ ಗೋಡೆ ನೋಡಿ ಒಳಗೆ ಯಾವ ಮನೆತನದೋರು ಇದ್ರು ಅಂತ ನಾನು ಹೇಳಬೇಕು."

ಕಲ್ಲುಗಳು ತಮಿಳುನಾಡಿನ ಅರಿಯಲೂರು ಕಡೆಯ ಸುಣ್ಣಕಲ್ಲಿನ ಗಣಿಯವು. ಅವುಗಳನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಅರೆದು ಸ್ಲೈಡ್ ಮಾಡಿದ್ದರು. ಅವರ ಪಿಎಚ್.ಡಿ. ಕೆಲಸ ಅದು. ಹಳೆಯ ಪುಸ್ತಕಗಳು ಕೋಶದ ಉದ್ದಗಲ ಅಳೆದು ಹೆಸರಿಡಿ ಎನ್ನುತ್ತಿದ್ದವು. ಹೊರದೇಶದಿಂದ ಬರುತ್ತಿದ್ದ ಹೊಸ ಲೇಖನಗಳು ಅಳತೆ ಸಾಲದು, ಅಕ್ಕಪಕ್ಕದ ಕೋಶಗಳ ನಡುವೆ ಗೋಡೆ ಕರಗಿ ದಾರಿಯಾಗಿದೆಯೇ ನೋಡಿ, ತೀರ ಮೇಲಿನ ಪದರ ಹೇಗಿದೆ ನೋಡಿ ಎನ್ನುತ್ತಿದ್ದವು. ಆ ಮೇಲಿನ ಪದರವೋ, ಕಲ್ಲಿನಲ್ಲಿ ನೂರಕ್ಕೆ ಒಂದರಲ್ಲೂ ಉಳಿದಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಆ ಗುಮ್ಮಟ. ಪಾಚಿಯ ಬೀಜಕಗಳು ಬೆಳೆಯುವ ಗೂಡು ಅದು. ಗೂಡಿನ ಸೂರಿಗೆ ಒಂದೇ ಬಾಯಿ ಇದ್ದರೆ ಒಂದು ಬಳಗ, ಸಣ್ಣ ಸಣ್ಣ ಕಿಂಡಿಗಳು ಹಲವು ಇದ್ದರೆ ಬೇರೆಯೇ ಬಳಗ.

ಮೈಕ್ರೋಸ್ಕೋಪಿಗೆ ಒಂದು ಪಟ್ಟಕದ ಸಾಧನ ಸಿಕ್ಕಿಸುತ್ತಿದ್ದರು. ಕಣ್ಣಿಟ್ಟರೆ ಸ್ಲೈಡೂ ಕಾಣುತ್ತದೆ, ಪಕ್ಕದ ಕಾಗದದ ಮೇಲಿನ ನನ್ನ ಪೆನ್ಸಿಲ್ ತುದಿಯೂ ಕಾಣುತ್ತದೆ. ಕಂಡದ್ದರ ಮೇಲೆಯೇ ಗೆರೆ ಎಳೆದಂತೆ. ಮೊದಲ ತಿಂಗಳು ತಲೆನೋವು, ಎರಡನೆಯ ತಿಂಗಳು ಹುಚ್ಚು. ಶಾಲೆಯಲ್ಲಿ ಹಾಜರಿ ಹಾಕುವಾಗಲೂ ಕಣ್ಣ ಮುಂದೆ ಕೋಶಗಳ ಸಾಲು. ನಲವತ್ತು ವರ್ಷದವನಾಗಿದ್ದೆ. ನನ್ನ ಕೈ ಹೂಜಿ, ಗಣಪತಿ, ಸ್ವಾಗತ ಕಮಾನು ಬಿಟ್ಟು ಬೇರೆ ಏನಕ್ಕಾದರೂ ಬೇಕಾದೀತು ಎಂದು ಅಂದುಕೊಂಡವನಲ್ಲ.

ಒಂದು ಭಾನುವಾರ ಮೇಡಂ ಬಾಗಿಲಲ್ಲೇ ಕಾಯುತ್ತಿದ್ದರು. "ಬೇಗ ಬರ್ರಿ, ಹೊಸಾದು ಸಿಕ್ಕೈತಿ!"

ಹೆಬ್ಬೆರಳಿನ ಉಗುರಿನಷ್ಟು ತುಣುಕಿನಿಂದ ತೆಗೆದ ಒಂದೇ ಸ್ಲೈಡ್. ಕೋಶಗಳ ನಡುವೆ ದಾರಿಗಳಿದ್ದವು, ಬುಡದ ಕೋಶಗಳ ಜೋಡಣೆ ಹಲವು ಕಿಂಡಿಯ ಬಳಗದ್ದು, ಆದರೆ ಗೂಡಿಗೆ ಬಾಯಿ ಒಂದೇ! ಪುಸ್ತಕದಲ್ಲಿ ಇಂಥದ್ದಿಲ್ಲ. ಹೊಸ ಜಾತಿಯೇ ಇರಬೇಕು. ಅದೇ ಪದರದ ಇನ್ನಷ್ಟು ಕಲ್ಲಿಗಾಗಿ ಅವರು ಆ ಗಣಿಗೆ ಮತ್ತೆ ಹೋಗಿಬಂದರು. ಆ ಪದರವೇ ಅಲ್ಲಿರಲಿಲ್ಲ, ಒಡೆದು ಸಿಮೆಂಟಿಗೆ ಹೋಗಿತ್ತು. ಉಳಿದದ್ದು ಈ ಸ್ಲೈಡು, ಅದರ ಜೊತೆಯ ಆ ಉಗುರಿನಷ್ಟು ಕಲ್ಲು, ಅಷ್ಟೇ.

ಫೋಟೋ ಸ್ಪಷ್ಟ ಬರಲಿಲ್ಲ. ಚಿತ್ರವೇ ಆಧಾರವಾಗಬೇಕಿತ್ತು. ಮೂರು ಭಾನುವಾರ ಕೂತು ಬರೆದೆ. ಸಾವಿರಾರು ಚುಕ್ಕಿ ಇಟ್ಟು ನೆರಳು ತಂದೆ. ಊರೂರು ಸುತ್ತಿ ಬರೆದ ಯಾವ ಕಮಾನಿಗೂ ಇಷ್ಟು ಚೆಂದದ ಗುಮ್ಮಟ ಬಂದಿರಲಿಲ್ಲ. ವಿಶ್ವವಿದ್ಯಾಲಯದಲ್ಲಿದ್ದ ಅವರ ಗೈಡ್ ಚಿತ್ರ ನೋಡಿ, 'ಒಂದೇ ಬಾಯಿ ಎಂಬುದು ಇದರಲ್ಲಿ ನಿಸ್ಸಂದೇಹವಾಗಿದೆ, ಲೇಖನ ಸಿದ್ಧಪಡಿಸಿ' ಎಂದು ಬರೆದರು. ಆ ಕಾಗದವನ್ನು ಮೇಡಂ ನನಗೇ ಓದಲು ಕೊಟ್ಟರು. ನಾನು ಎರಡು ಸಲ ಓದಿದೆ.

ಲೇಖನ ಟೈಪಾಗುತ್ತಿದ್ದ ವಾರವೇ ನಮ್ಮ ಶಾಲೆಯ ರಂಗಮಂದಿರಕ್ಕೆ ಕಲ್ಲು ಹಾಸುವ ಮಾತು ಬಂತು. ಹೆಡ್‌ಮಾಸ್ತರು ಕಲ್ಲು ಆರಿಸಲು ನನ್ನನ್ನು ಹಗರಿಬೊಮ್ಮನಹಳ್ಳಿ ರಸ್ತೆಯ ಪಾಲಿಶ್ ಅಂಗಡಿಗೆ ಕಳಿಸಿದರು. ಅಂಗಡಿಯ ಯಜಮಾನ ಹಂಪಸಾಗರದ ಒಂದು ಮನೆಗೆ ಕಳಿಸಬೇಕಿದ್ದ ಹಾಸುಗಲ್ಲುಗಳನ್ನು ಎಣಿಸುತ್ತಿದ್ದ. ಎರಡು ಬಗೆಯಿದ್ದವು: ಒಂದರ ಮೈಮೇಲೆ ಕರಿ ಬೊಟ್ಟು, ಇನ್ನೊಂದರ ಮೇಲೆ ಉದ್ದುದ್ದ ಕರಿ ಗೆರೆ. ಬೊಟ್ಟಿನದು ಸಾಕು, ಗೆರೆಯದು ಬೇಡ ಎಂದೆ.

ಅವನು ನಕ್ಕ. "ಎರಡೂ ಒಂದ ಬಂಡೆದವು ಅದಾವು ಮಾಸ್ತರ. ಇದನ್ನ ಅಡ್ಡ ಕೊಯ್ದೀವಿ, ಇದನ್ನ ಉದ್ದ ಕೊಯ್ದೀವಿ. ಕೊಯ್ದ ದಿಕ್ಕು ಬದಲಾದ್ರ ಹೂವು ಬದಲಾಕ್ಕೈತಿ. ಗಿರಾಕಿ ನಂಬಂಗಿಲ್ಲ, ಬ್ಯಾರೆ ಕಲ್ಲು ಕೊಟ್ಟೀ ಅಂತ ಜಗಳಕ್ಕ ನಿಲ್ತಾನ."

ನಾನು ಗೆರೆಯ ಕಲ್ಲಿನ ಅಂಚಿಗೆ ಹೋಗಿ ನೋಡಿದೆ. ಅಂಚಿನಲ್ಲಿ ಬೊಟ್ಟುಗಳಿದ್ದವು. ನಮ್ಮ ಸ್ಲೈಡೂ ಒಂದೇ ದಿಕ್ಕಿನ ಒಂದೇ ಕೊಯ್ತ ಎಂಬುದು ಆಗ ನೆನಪಾಯಿತು.

ಸ್ಲೈಡಿನಲ್ಲಿ ಗೂಡಿನ ಎಡಭಾಗ ಕಪ್ಪಾಗಿತ್ತು. ಸುಣ್ಣ ಮತ್ತೆ ಹರಳುಗಟ್ಟಿ ಕೋಶಗಳೆಲ್ಲ ಕಲಸಿಹೋಗಿದ್ದವು. ಬಲಭಾಗ ಸ್ಪಷ್ಟವಿತ್ತು, ಕಪ್ಪಿಗೆ ತಾಗಿದ ಅದರ ತುದಿಯಲ್ಲಿ ಒಂದು ಕಿಂಡಿಯಿತ್ತು. ಆ ಕಿಂಡಿಯನ್ನೇ ನಾನು ಗುಮ್ಮಟದ ನಡು ಎಂದುಕೊಂಡೆ. ಅಲ್ಲಿ ಗೆರೆ ಹಾಕಿ, ಬಲಭಾಗವನ್ನು ಮಗುಚಿ ಎಡಕ್ಕೆ ಬರೆದೆ. ಬೇಕೆಂದು ಮಾಡಿದ್ದಲ್ಲ. ಕೈ ತಾನೇ ಮಾಡಿತ್ತು. ಗೈಡ್ ಮೆಚ್ಚಿದ ಆ ನಿಸ್ಸಂದೇಹದ ಅರ್ಧ ಭಾಗ ನನ್ನ ಹೂಜಿಯದು.

ಭಾನುವಾರಕ್ಕೆ ಕಾಯಲಿಲ್ಲ. ಮಧ್ಯಾಹ್ನ ರಜೆ ಹಾಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಮಾತು ಜೋಡಿಸಿದ್ದು ಮೇಡಂ ಎದುರು ಬಂದೊಡನೆ ಮರೆತುಹೋಯಿತು.

"ಮೇಡಂ, ಆ ಚಿತ್ರದಾಗ ಎಡಗಡಿದು ನಾನು ಕಂಡಿದ್ದಲ್ರಿ. ಬಲಗಡಿದನ್ನ ಮಗುಚಿ ಬರ್ದೀನಿ. ತಪ್ಪಾಗೈತಿ."

ಅವರು ಸ್ಲೈಡ್ ತೆಗೆದು ಮೈಕ್ರೋಸ್ಕೋಪಿಗಿಟ್ಟರು. ಬಹಳ ಹೊತ್ತು ನೋಡಿದರು. ಬೈದರೆ ಬೈಯಲಿ ಎಂದು ನಿಂತಿದ್ದೆ. ಕೊನೆಗೆ ತಲೆಯೆತ್ತಿ, "ನಾನೂ ನೋಡಿದ್ದೆನಲ್ಲ ಮೇಷ್ಟ್ರೇ," ಎಂದರು. "ನಿಮ್ಮ ಚಿತ್ರ ನೋಡಿದ ಮೇಲೆ ನಂಗೂ ಎಡಗಡೆ ಅದೇ ಕಾಣ್ತಿತ್ತು. ಈಗ ನೋಡ್ತೀನಿ, ಬರೀ ಕತ್ತಲೆ ಐತಿ."

ಪಾಲಿಶ್ ಅಂಗಡಿಯ ಕತೆ ಹೇಳಿದೆ. ಗೆರೆ, ಬೊಟ್ಟು. ಅವರ ಕಣ್ಣು ಅಗಲವಾಯಿತು. ಒಂದು ಕಾಗದ ತೆಗೆದು ಜರಡಿಯಂತೆ ತೂತುಗಳನ್ನು ಬರೆದರು, ಅದರ ಮೇಲೆ ಅಡ್ಡಡ್ಡ ಗೆರೆ ಎಳೆದರು. ಒಂದು ಗೆರೆ ಯಾವ ತೂತನ್ನೂ ಮುಟ್ಟಲಿಲ್ಲ, ಒಂದು ಗೆರೆಗೆ ಒಂದೇ ತೂತು ಸಿಕ್ಕಿತು, ಇನ್ನೊಂದಕ್ಕೆ ಮೂರು. "ನಮ್ಮ ಸ್ಲೈಡು ಇದರಾಗ ಯಾವ ಗೆರೆ?" ಎಂದು ತಮ್ಮನ್ನೇ ಕೇಳಿಕೊಂಡರು.

ಗೊತ್ತಾಗಲು ಒಂದೇ ದಾರಿಯಿತ್ತು. ಉಳಿದ ತುಣುಕಿನ ಮೇಲ್ಮೈಯಲ್ಲಿ ಇನ್ನೊಂದು ಗೂಡಿನ ಅಂಚು ಲೆನ್ಸಿನಲ್ಲಿ ಕಾಣುತ್ತಿತ್ತು. ಆ ತುಣುಕನ್ನು ಕೂದಲೆಳೆಯಷ್ಟು ಅರೆಯುವುದು, ಕಂಡದ್ದನ್ನು ದಾಖಲಿಸುವುದು, ಮತ್ತೆ ಅರೆಯುವುದು. ಗೂಡು ಈ ತುದಿಯಿಂದ ಆ ತುದಿಗೆ ಪೂರ್ತಿ ತಿಳಿಯುವ ಹೊತ್ತಿಗೆ ಕಲ್ಲು ಇರುವುದಿಲ್ಲ.

ಎಸ್‌ಟಿಡಿ ಬೂತಿನಿಂದ ಮೇಡಂ ಗೈಡಿಗೆ ಫೋನು ಮಾಡಿದರು. ಪಕ್ಕದಲ್ಲಿದ್ದ ನನಗೂ ಅವರ ಗಟ್ಟಿ ದನಿ ಕೇಳುತ್ತಿತ್ತು. "ಇರುವುದೊಂದೇ ಮಾದರಿ. ಅದನ್ನು ಅರೆದುಬಿಟ್ಟರೆ ನಾಳೆ ಯಾರಾದರೂ ಕೇಳಿದಾಗ ಏನು ತೋರಿಸುತ್ತೀರಿ? ಸ್ಲೈಡ್ ಇದೆ, ಚಿತ್ರ ಇದೆ. ಲೇಖನ ಕಳಿಸಿ." ಅವರ ಮಾತಿನಲ್ಲೂ ನ್ಯಾಯವಿತ್ತು. ಹೊಸ ಜಾತಿ ಹೋದರೆ ಮೇಡಂ ಪ್ರಬಂಧದ ಕಿರೀಟವೇ ಹೋದಂತೆ, ಸಲ್ಲಿಸುವ ಗಡುವೂ ಹತ್ತಿರವಿತ್ತು.

ಎರಡು ವಾರ ಮೇಡಂ ಬೇರೆ ಸ್ಲೈಡುಗಳನ್ನೇ ನೋಡುತ್ತ ಕೂತರು. ಮೂರನೆಯ ಭಾನುವಾರ ಹೋದಾಗ ಮೇಜಿನ ಮೇಲೆ ಗಾಜಿನ ಹಲಗೆ, ನೀರಿನ ತಟ್ಟೆ, ಅರೆಯುವ ಪುಡಿಯ ಡಬ್ಬಿ ಸಿದ್ಧವಾಗಿದ್ದವು.

"ಸ್ಲೈಡು ಇರ್ತೈತಿ, ಅದನ್ನ ಮುಟ್ಟಲ್ಲ," ಎಂದರು. "ಕಲ್ಲು ಅರೀತೀನಿ. ಹೆಸರು ಸುಳ್ಳಾದ್ರೆ ಕಲ್ಲು ಇಟ್ಕೊಂಡು ಪೂಜೆ ಮಾಡ್ಲೇನು?"

ಪ್ರತಿ ಪದರದ ಗುರುತು ಉಳಿಸಿಕೊಳ್ಳಲು ಒಂದು ಉಪಾಯವಿದೆ. ನುಣುಪು ಮಾಡಿದ ಕಲ್ಲಿನ ಮುಖಕ್ಕೆ ತೆಳು ಆಸಿಡ್ ಸೋಕಿಸಿದರೆ ಕೋಶದ ಗೋಡೆಗಳು ಸ್ವಲ್ಪ ಎದ್ದು ನಿಲ್ಲುತ್ತವೆ. ಅದರ ಮೇಲೆ ಅಸಿಟೋನ್ ಸುರಿದು ಪ್ಲಾಸ್ಟಿಕ್ ಹಾಳೆ ಒತ್ತಿದರೆ ಹಾಳೆ ಮೆತ್ತಗಾಗಿ ಆ ಅಚ್ಚನ್ನು ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ಸುಲಿದರೆ ಕಲ್ಲಿನ ಪಡಿಯಚ್ಚು ಕೈಗೆ ಬರುತ್ತದೆ. ಪುಸ್ತಕದಲ್ಲಿ ನಾಲ್ಕು ಸಾಲು, ನಮಗೆ ಹಿಡಿದದ್ದು ಒಂದೂವರೆ ತಿಂಗಳು. ನರ್ಸಿಂಗ್ ಹೋಮಿನಿಂದ ಹಳೆ ಎಕ್ಸ್‌ರೇ ಹಾಳೆ ತಂದು ತೊಳೆದು ನೋಡಿದೆವು, ಅಸಿಟೋನಿಗೆ ಅವು ಜಗ್ಗಲಿಲ್ಲ. ಪ್ರೊಜೆಕ್ಟರಿಗೆ ಹಾಕುವ ಪಾರದರ್ಶಕ ಹಾಳೆ ದಾವಣಗೆರೆಯ ಒಂದು ಅಂಗಡಿಯದು ಸುಕ್ಕಾಯಿತು, ಇನ್ನೊಂದು ಅಂಗಡಿಯದು ಕೂತಿತು. ಅಸಿಟೋನ್ ಹೆಚ್ಚಾದರೆ ಗುಳ್ಳೆ, ಕಡಿಮೆಯಾದರೆ ಬೋಳು.

ಅರೆಯುವುದು ಇನ್ನೂ ಕಷ್ಟ. ಕೆಲಸಕ್ಕೆ ಬಾರದ ತುಣುಕುಗಳ ಮೇಲೆ ಕೈ ಪಳಗಿಸಲು ಹೋದರೆ ಪ್ರತಿ ಸಲವೂ ಒಂದು ಕಡೆ ಹೆಚ್ಚು ಸವೆದು ಓರೆಯಾಗುತ್ತಿತ್ತು. ಕೊನೆಗೆ ಪಾಲಿಶ್ ಅಂಗಡಿಯ ಯಜಮಾನನಿಗೆ ಹೇಳಿದೆ. ಅವನು ತುಣುಕನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, "ಇಷ್ಟ ಕಲ್ಲಿಗೆ ಇಷ್ಟ ಮಂದಿಯಾ?" ಎಂದ. ಆದರೆ ಎರಡೇ ದಿನದಲ್ಲಿ ಗ್ರಾನೈಟಿನ ಒಂದು ಸಣ್ಣ ದಿಮ್ಮಿಗೆ ಕಚ್ಚು ಕೊರೆದು, ತುಣುಕು ಅಲುಗದಂತೆ ಕೂರುವ ಹಿಡಿಕೆ ಮಾಡಿಕೊಟ್ಟ. ಅರೆಯುವ ಮೊದಲು ಮುಖದ ಮೇಲೆಲ್ಲ ಪೆನ್ಸಿಲಿನಿಂದ ಗೀಚಬೇಕೆಂದೂ ಅವನೇ ಹೇಳಿಕೊಟ್ಟ. "ಗೀಟು ಎಲ್ಲಾ ಕಡೆ ಒಮ್ಮೆಲೆ ಮಾಯ ಆದ್ರ ನಿಮ್ಮ ಕೈ ಸಮ ಐತಿ. ಒಂದ ಮಗ್ಗಲು ಉಳಿದ್ರ ಕೈ ವಾಲೈತಿ. ಎಂಟರ ಆಕಾರಕ್ಕ ತಿರುವ್ರಿ, ಉಜ್ಜಬ್ಯಾಡ್ರಿ."

ಮಧ್ಯಂತರ ರಜೆಯಲ್ಲಿ ಕೆಲಸ ಶುರುವಾಯಿತು. ಮೇಡಂ ಅರೆಯುತ್ತಾರೆ. ಭೌತಶಾಸ್ತ್ರ ವಿಭಾಗದಿಂದ ತಂದ ಸ್ಕ್ರೂಗೇಜಿನಲ್ಲಿ ನಾನು ದಪ್ಪ ಅಳೆಯುತ್ತೇನೆ. ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗ ಇಳಿದರೆ ನಿಲ್ಲಿಸು. ತೊಳೆ, ಆಸಿಡ್, ಎಂಟು ಎಣಿಸು, ತೊಳೆ, ಒಣಗಿಸು, ಹಾಳೆ ಒತ್ತು, ಕಾಯಿ, ಸುಲಿ. ಸುಲಿದ ಅಚ್ಚು ನೋಡಿ ಟ್ರೇಸಿಂಗ್ ಹಾಳೆಯ ಮೇಲೆ ಬರೆಯುವುದು ನನ್ನ ಪಾಲು. ಕಂಡಷ್ಟೇ ಬರೆಯುವುದು, ಮಸುಕಾದಲ್ಲಿ ಪೆನ್ಸಿಲ್ ಎತ್ತುವುದು. ಆ ಎತ್ತುವುದನ್ನು ಕಲಿಯಲು ನನಗೆ ಗೆರೆ ಎಳೆಯಲು ಕಲಿತದ್ದಕ್ಕಿಂತ ಹೆಚ್ಚು ಶ್ರಮವಾಯಿತು.

ಮೊದಲ ಮೂರು ಅಚ್ಚಿನಲ್ಲಿ ಗೂಡಿನ ಗೋಡೆ ಮಾತ್ರ. ನಾಲ್ಕನೆಯದರಲ್ಲಿ ಸರಿಯಾಗಿ ಸೂರಿನ ಮೇಲೆ ಗುಳ್ಳೆ ಎದ್ದಿತು. ಮೇಡಂ ಅದೇ ಪದರದ ಇನ್ನೊಂದು ಅಚ್ಚು ತೆಗೆಯುವ ಮೊದಲು ಮುಖ ಮತ್ತೆ ನುಣುಪು ಮಾಡಲು ಹೋಗಿ ಒಂದು ಪದರ ದಾಟಿಬಿಟ್ಟರು. ಹೋದದ್ದು ಹೋಯಿತು, ಮತ್ತೆ ಬರುವಂತಿಲ್ಲ. ಇಬ್ಬರೂ ಗಾಜಿನ ಮೇಲಿದ್ದ ಬೂದು ನೀರನ್ನು ನೋಡುತ್ತ ಕೂತೆವು.

"ಏಳ್ರಿ, ಐದನೇದು," ಎಂದರು ಮೇಡಂ.

ಐದನೆಯದರಲ್ಲಿ ಸೂರಿನ ಬಲಕ್ಕೆ ಒಂದು ಕಿಂಡಿ. ಆರರಲ್ಲೂ ಅದೇ. ಏಳನೆಯದನ್ನು ಮೈಕ್ರೋಸ್ಕೋಪಿಗಿಟ್ಟು ಕನ್ನಡಿ ತಿರುಗಿಸಿದೆ. ಬಲಗಡೆಯ ಕಿಂಡಿ ಮುಚ್ಚಿತ್ತು. ಎಡಗಡೆ ಒಂದು ತೆರೆದಿತ್ತು!

"ಮೇಡಂ, ಬರ್ರಿ ಇಲ್ಲಿ."

ಅವರು ಕಣ್ಣಿಟ್ಟರು, ತೆಗೆದರು, ಮತ್ತೆ ಇಟ್ಟರು. "ಇದು ಬೇರೆ. ಇದು ಬೇರೆ ಕಿಂಡಿ ಮೇಷ್ಟ್ರೇ!"

ಅಲ್ಲಿಂದಾಚೆ ಊಟದ ನೆನಪಿಲ್ಲ. ಎಂಟರಲ್ಲಿ ಎರಡು. ಒಂಬತ್ತರಲ್ಲಿ ಮೂರು, ಒಂದರ ಪಕ್ಕ ಒಂದು, ನಡುವೆ ತೆಳು ಕಂಬಗಳು. ಹತ್ತರಲ್ಲಿ ಒಂದೂ ಇಲ್ಲ, ಹನ್ನೊಂದರಲ್ಲಿ ಮತ್ತೆ ಎರಡು. ಬಿಸಿಲು ಹೋಗುವವರೆಗೆ ದುಡಿದು, ಮರುದಿನ ಬೆಳಗಿನ ಬಸ್ಸಿಗೆ ನಾನು ಮತ್ತೆ ಹಾಜರು. ನಾಲ್ಕನೆಯ ದಿನ ಹದಿನೇಳನೆಯ ಅಚ್ಚಿನಲ್ಲಿ ಗೂಡು ಮುಗಿಯಿತು. ಕಲ್ಲೂ ಮುಗಿಯಿತು.

ಟ್ರೇಸಿಂಗ್ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಪ್ರತಿ ಹಾಳೆಯ ಕಿಂಡಿಯ ಜಾಗವನ್ನು ಅಳೆದು, ಸೂರನ್ನು ಮೇಲಿನಿಂದ ನೋಡಿದರೆ ಹೇಗಿರುತ್ತದೆಂದು ಹೊಸ ಹಾಳೆಗೆ ಇಳಿಸಿದೆ. ತನ್ನ ಹಿಡಿಕೆ ಹೇಗೆ ಕೆಲಸ ಮಾಡಿತೆಂದು ನೋಡಲು ಅಂದು ಪಾಲಿಶ್ ಯಜಮಾನನೂ ನನ್ನ ಜೊತೆ ಬಂದಿದ್ದ. ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಇದು ಜರಡಿ ಆತಲ್ರೀ," ಎಂದ.

ಮೇಡಂ ಜೋರಾಗಿ ನಗತೊಡಗಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಹೊಸ ಜಾತಿ ಕಣ್ಣೆದುರೇ ಕರಗಿಹೋಗಿತ್ತು. ಆದರೆ ಅವರ ಮುಖ ನೋಡಿದವರು ಏನೋ ದೊರೆಯಿತೆಂದೇ ಹೇಳುತ್ತಿದ್ದರು. ಕೋಶದ ದಾರಿಗಳು, ಬುಡದ ಜೋಡಣೆ, ಸೂರಿನ ಕಿಂಡಿಗಳು ಎಲ್ಲವೂ ಈಗ ಒಂದೇ ಬಳಗಕ್ಕೆ ಬಂದು ಕೂತಿದ್ದವು, ಒಂದೂ ಹೊಂದದೆ ಉಳಿದಿರಲಿಲ್ಲ. ಮೂವರೂ ಬಸ್‌ಸ್ಟ್ಯಾಂಡಿನ ಬಳಿ ಮಂಡಕ್ಕಿ ಮಿರ್ಚಿ ತಿಂದೆವು. ಯಜಮಾನ ಸಿಕ್ಕವರಿಗೆಲ್ಲ, "ನಾವು ಸಮುದ್ರದ ಪಾಚಿ ಹಿಡಿದ್ವಿ," ಎನ್ನುತ್ತಿದ್ದ.

ಆಮೇಲೆ ಮೇಡಂ ತಮ್ಮ ಹಳೆಯ ಸ್ಲೈಡುಗಳನ್ನೆಲ್ಲ ಹೊಸ ಕಣ್ಣಿನಿಂದ ನೋಡಿದರು. ಬೇರೆ ಬೇರೆ ಎಂದು ಬರೆದಿದ್ದ ಎರಡು ಮಾದರಿಗಳು ಕೊಯ್ದ ದಿಕ್ಕಿನ ವ್ಯತ್ಯಾಸವಷ್ಟೇ ಎಂದು ಒಂದಾದವು. ಮತ್ತೊಂದರಲ್ಲಿ ಗೂಡಿಗೆ ನಿಜವಾಗಿಯೂ ಒಂದೇ ಬಾಯಿಯಿತ್ತು. ಆದರೆ ಒಂದೇ ಪಾಚಿ ಬಾಳಿನ ಒಂದು ಹಂತದಲ್ಲಿ ಒಂದು ಬಾಯಿಯ ಗೂಡನ್ನೂ ಇನ್ನೊಂದು ಹಂತದಲ್ಲಿ ಹಲವು ಕಿಂಡಿಯದನ್ನೂ ಕಟ್ಟುವುದುಂಟು. ಇದು ಯಾವ ಹಂತ ಎಂದು ಕಲ್ಲು ಹೇಳಲಿಲ್ಲ. ಅದರ ಮುಂದೆ 'ಹೆಸರಿಡಲಾಗಿಲ್ಲ' ಎಂದು ಬರೆದರು. ಏಳು ಹೆಸರಿನ ಪಟ್ಟಿ ನಾಲ್ಕಕ್ಕೆ ಇಳಿಯಿತು. ಹದಿನೇಳು ಅಚ್ಚು, ನನ್ನ ಹಳೆ ಚಿತ್ರ, ಹೊಸ ಚಿತ್ರ ಎಲ್ಲವನ್ನೂ ಗೈಡಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು. ತಪ್ಪು ಚಿತ್ರ ಯಾರದೆಂದು ಬರೆದಿರಲಿಲ್ಲ. ನಾನೇ ಒತ್ತಾಯಿಸಿ ಒಂದು ಸಾಲು ಸೇರಿಸಿಸಿದೆ.

ಒಂದು ತಿಂಗಳು ಉತ್ತರವಿಲ್ಲ. ಮೇಡಂ ದಿನಾ ಪೋಸ್ಟಿನವನ ದಾರಿ ನೋಡಿ ನೋಡಿ, ಕೊನೆಗೆ ನೋಡುವುದನ್ನೇ ಬಿಟ್ಟಿದ್ದರು. ಆಗ ಬಂತು ಒಂದು ಸಣ್ಣ ಪೆಟ್ಟಿಗೆ. ಒಳಗೆ ಹತ್ತಿಯಲ್ಲಿ ಸುತ್ತಿದ ಒಂದು ಕಲ್ಲಿನ ಚೂರು, ಜೊತೆಗೆ ಗೈಡಿನ ಕೈಬರಹ. 'ನಿಮ್ಮ ಅಚ್ಚುಗಳನ್ನು ಮೂರು ಸಲ ನೋಡಿದೆ. ಪ್ರಬಂಧ ಈ ರೂಪದಲ್ಲೇ ಸಲ್ಲಿಸಿ. ಇದರೊಂದಿಗಿರುವುದು ನಾನು ನಿಮ್ಮ ವಯಸ್ಸಿನಲ್ಲಿದ್ದಾಗ ಹೆಸರಿಟ್ಟ ಜಾತಿ. ನಾನೂ ಒಂದೇ ಸ್ಲೈಡ್ ನೋಡಿ ಒಂದೇ ಬಾಯಿ ಎಂದು ಬರೆದೆ. ಉಳಿದಿರುವ ಚೂರು ಇದೊಂದೇ. ಅರೆಯಿರಿ.'

ಮೇಡಂ ಚೂರನ್ನು ನನ್ನ ಕಡೆ ಸರಿಸಿದರು. "ನಂದಾದ್ರೆ ಧೈರ್ಯ ಇತ್ತು ಮೇಷ್ಟ್ರೇ. ಇದು ಅವರದು."

ಅಂದು ನಾನೇ ಅರೆದೆ. ಎರಡು ಭಾನುವಾರ, ಹತ್ತೊಂಬತ್ತು ಅಚ್ಚು. ಈ ಸಲ ಗುಳ್ಳೆಯೂ ಏಳಲಿಲ್ಲ, ಪದರವೂ ತಪ್ಪಲಿಲ್ಲ. ಹತ್ತೊಂಬತ್ತು ಹಾಳೆಗಳನ್ನು ಕಿಟಕಿಗೆ ಒತ್ತಿ ಹಿಡಿದೆವು. ಮೇಡಂ ಒಂದೊಂದನ್ನೇ ಎಣಿಸಿದರು, ತಿರುಗಿ ಎಣಿಸಿದರು. ಆಮೇಲೆ ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಬೂತಿಗೆ ಓಡಿದರು. ನಾನು ಹಿಂದೆಯೇ ಓಡಿದೆ.

"ಸರ್, ಒಂದೇ ಐತ್ರಿ!" ಎಂದರು ಮೇಡಂ. ಗೈಡಿನೊಡನೆ ಸದಾ ಆಡುತ್ತಿದ್ದ ಪುಸ್ತಕದ ಕನ್ನಡ ಎಲ್ಲಿಗೋ ಹೋಗಿತ್ತು.

"ಎಷ್ಟು ಪದರ ನೋಡಿದಿರಿ?"

"ಹತ್ತೊಂಬತ್ತು. ಈ ಗೋಡೆಯಿಂದ ಆ ಗೋಡೆತನಕ. ಬಾಯಿ ಒಂದೇ, ಸರಿಯಾಗಿ ನಡುವೆ. ನೀವು ಬರ್ದಿದ್ದು ಸರಿ ಐತ್ರಿ."

ಗೈಡಿನ ಆ ಗಟ್ಟಿ ದನಿ, ಮೊದಲ ಸಲ ಮೆತ್ತಗೆ, "ಇನ್ನೊಮ್ಮೆ ಹೇಳಮ್ಮ," ಎಂದಿತು.

ಮೇಡಂ ಇನ್ನೊಮ್ಮೆ ಹೇಳಿದರು. ಎಷ್ಟು ಜೋರಾಗಿ ಹೇಳಿದರೆಂದರೆ, ಹಡಗಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.